ಹೊಸ ಲ್ಯಾಪ್‌ಟಾಪ್ ತಗೊಂಡರೆ ನನ್ನ ಚೆಸ್ ಪ್ರೋಗ್ರಾಂ ಚೆನ್ನಾಗಿ ಆಡುತ್ತಾ?

ಪ್ರಶ್ನೆ: ಸರ್, ನಾನು ಬರೆದ ಚೆಸ್ ಪ್ರೋಗ್ರಾಂ ನನ್ನ ತಮ್ಮನ ಕೈಲೂ ಸೋಲುತ್ತದೆ. ಜಾಸ್ತಿ ಸ್ಪೀಡ್ ಇರುವ ಲ್ಯಾಪ್‌ಟಾಪ್ ತಗೊಂಡರೆ ಸರಿಹೋಗುತ್ತಾ? ಯಾವುದು ತಗೊಳ್ಳಲಿ?

ಉತ್ತರ: ಯಾವುದೂ ಬೇಡ.

ಇದನ್ನು ಹೇಳಿ ಹೇಳಿ ಸಾಕಾಗಿದೆ. ಕೋಲಾರದಲ್ಲಿ ನನ್ನ ಕ್ಲಾಸಿಗೆ ಬರುವ ಹುಡುಗರೂ ಇದನ್ನೇ ಕೇಳುತ್ತಾರೆ, ಅವರ ಅಪ್ಪಂದಿರೂ ಇದನ್ನೇ ಕೇಳುತ್ತಾರೆ. ಅಪ್ಪಂದಿರು ಕೇಳುವಾಗ ಮುಖ ಸ್ವಲ್ಪ ಸಪ್ಪಗಿರುತ್ತದೆ, ಅಷ್ಟೇ.

ಲೆಕ್ಕ ಹಾಕೋಣ. ಆಟದ ಮಧ್ಯದಲ್ಲಿ ಒಬ್ಬರಿಗೆ ಸುಮಾರು 35 ನಡೆಗಳಿರುತ್ತವೆ. ನಿಮ್ಮದೊಂದು, ಎದುರಾಳಿಯದೊಂದು ಅಂತ ನಾಲ್ಕು ನಡೆ ಮುಂದೆ ನೋಡಬೇಕಾದರೆ ನಡೆಗಳ 15,00,625 ಸಾಲುಗಳು. ಐದನೇ ನಡೆಯನ್ನೂ ನೋಡಬೇಕು ಅಂದರೆ ಅದರ 35 ಪಟ್ಟು. ಹೊಸ ಲ್ಯಾಪ್‌ಟಾಪ್ ಹಳೆಯದಕ್ಕಿಂತ 2 ಪಟ್ಟು ವೇಗ ಇರಬಹುದು, 3 ಪಟ್ಟು ಇರಬಹುದು. 35 ಪಟ್ಟು? ಯಾವ ಅಂಗಡೀಲಿ ಸಿಗುತ್ತೆ, ನನಗೂ ಹೇಳಿ.

ಈಗ ಆಲ್ಫಾ-ಬೀಟಾ ಹಾಕಿ, ಅಂದರೆ ನೋಡಿ ಪ್ರಯೋಜನವಿಲ್ಲದ ಸಾಲುಗಳನ್ನು ನೋಡದೇ ಬಿಡುವ ವಿಧಾನ. ನಡೆಗಳನ್ನು ಸರಿಯಾದ ಕ್ರಮದಲ್ಲಿ ನೋಡಿದರೆ ಅದೇ ನಾಲ್ಕು ನಡೆಗೆ 2,449 ಸಾಲು ಸಾಕು. ಉತ್ತರ ಒಂಚೂರೂ ಬದಲಾಗುವುದಿಲ್ಲ. ನಯಾಪೈಸೆ ಖರ್ಚಿಲ್ಲ.

ಅದು ಹೇಗೆ ಅನ್ನುವವರು ನಮ್ಮ ಎಪಿಎಂಸಿಯನ್ನು ನೆನಪಿಸಿಕೊಳ್ಳಿ. 15 ಕೆಜಿ ಟೊಮೆಟೊ ಬಾಕ್ಸ್‌ಗಳ ಸಾಲು. ಬಾಕ್ಸ್ ಆರಿಸುವುದು ನೀವು, ಅದರಿಂದ ಹಣ್ಣು ತೆಗೆದುಕೊಡುವುದು ನಿಮ್ಮನ್ನು ಕಂಡರಾಗದವನು. ಇದ್ದದ್ದರಲ್ಲಿ ಕೆಟ್ಟದ್ದನ್ನೇ ಕೊಡುತ್ತಾನೆ. ಮೊದಲ ಬಾಕ್ಸನ್ನು ತಳದವರೆಗೂ ನೋಡಿದಿರಿ. ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಸ್ವಲ್ಪ ಮೆತ್ತಗಾದ ಒಂದು ಹಣ್ಣು. ಎರಡನೇ ಬಾಕ್ಸಿನ ಮೇಲೇ ಕೊಳೆತದ್ದೊಂದು ಕಂಡಿತು. ತಳ ಕೆದಕುತ್ತೀರಾ? ಇಲ್ಲ, ಮೂರನೇ ಬಾಕ್ಸಿಗೆ ಹೋಗುತ್ತೀರಿ. ಆಲ್ಫಾ-ಬೀಟಾ ಅಂದರೆ ಇಷ್ಟೇ: ಬಾಕ್ಸ್ ಅಂದರೆ ನಿಮ್ಮ ನಡೆ, ಹಣ್ಣು ಅಂದರೆ ಅದಕ್ಕೆ ಎದುರಾಳಿಯ ಉತ್ತರ. ಒಳ್ಳೇ ಬಾಕ್ಸ್ ಮೊದಲು ಸಿಗಬೇಕು, ಕೊಳೆತ ಹಣ್ಣು ಮೇಲೇ ಕಾಣಬೇಕು. ಅದಕ್ಕೇ ಹೊಡೆಯುವ ನಡೆಗಳನ್ನು ಮೊದಲು ನೋಡಿ, ಅದರಲ್ಲೂ ಪಾನ್‌ನಿಂದ (ಕಾಲಾಳಿನಿಂದ) ರಾಣಿಯನ್ನು ಹೊಡೆಯುವಂಥವನ್ನು.

"ಡೀಪ್ ಬ್ಲೂ ಗೆದ್ದದ್ದು ಸ್ಪೀಡಿನಿಂದಲೇ ಅಲ್ವಾ?" ಇದಂತೂ ಸಾಯದ ವಾದ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಾನಗಳನ್ನು (ಹಲಗೆ ಮೇಲೆ ಕಾಯಿಗಳು ನಿಂತಿರುವ ರೀತಿಗಳನ್ನು) ನೋಡುತ್ತಿತ್ತು, ನಿಜ. 2009ಕ್ಕೆ ಬನ್ನಿ. ಬ್ಯೂನಸ್ ಐರಿಸ್‌ನಲ್ಲಿ ಪಾಕೆಟ್ ಫ್ರಿಟ್ಜ್ 4 ಅನ್ನೋ ಚೆಸ್ ಪ್ರೋಗ್ರಾಂ ಒಂದು ಮೊಬೈಲ್ ಫೋನಿನಲ್ಲಿ ಕೂತು ಮನುಷ್ಯರ ಟೂರ್ನಿ ಆಡಿತು. 10 ಆಟಕ್ಕೆ 9.5 ಅಂಕ. ನೋಡುತ್ತಿದ್ದದ್ದು ಸೆಕೆಂಡಿಗೆ 20,000ಕ್ಕೂ ಕಮ್ಮಿ. ಹತ್ತು ಸಾವಿರ ಪಟ್ಟು ನಿಧಾನ! 2020ರಲ್ಲಿ ಸ್ಟಾಕ್‌ಫಿಶ್ 12 ಅನ್ನೋ ಚೆಸ್ ಪ್ರೋಗ್ರಾಂಗೆ, ಒಂದು ಸ್ಥಾನ ಯಾರಿಗೆ ಒಳ್ಳೇದು ಅಂತ ಅಳೆಯಲು ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ಕಲಿಯುವ ಲೆಕ್ಕ) ಸೇರಿಸಿದರು. ಸೆಕೆಂಡಿಗೆ ನೋಡುವ ಸ್ಥಾನಗಳು ಇಳಿದವು, ಆಟದ ಬಲ ಏರಿತು. ಅದೇ ಪ್ರೋಗ್ರಾಂಗೆ ವೇಗದ ಯಂತ್ರ ಕೊಟ್ಟರೆ ಸ್ವಲ್ಪ ಲಾಭ ಇದ್ದೇ ಇದೆ. ನಿಮಗೆ ಸದ್ಯಕ್ಕೆ ಬೇಕಾಗಿರುವುದು ಅದಲ್ಲ.

ನಿಮ್ಮ ತಮ್ಮ ಯಾಕೆ ಗೆಲ್ಲುತ್ತಿದ್ದಾನೆ ಅನ್ನೋದನ್ನೂ ಊಹಿಸಬಲ್ಲೆ. ಬಂಗಾರಪೇಟೆಯಿಂದ ಬರುವ ಹುಡುಗನೊಬ್ಬನ ಪ್ರೋಗ್ರಾಂ ಮೂರನೇ ನಡೆಗೆ ಯೋಚನೆ ನಿಲ್ಲಿಸುತ್ತಿತ್ತು. ಆ ಕೊನೇ ನಡೆಯಲ್ಲಿ ರಾಣಿ ಹೋಗಿ ಒಂದು ಪಾನ್ ಹೊಡೆದರೆ, ಪಾನ್ ಲಾಭ ಅಂತ ಖುಷಿಪಡುತ್ತಿತ್ತು. ನಾಲ್ಕನೇ ನಡೆಯಲ್ಲಿ, ಎದುರಾಳಿಯ ಸರದಿಗೆ, ರಾಣಿಯೇ ಹೋಗುವುದು ಅದಕ್ಕೆ ಕಾಣುತ್ತಿರಲಿಲ್ಲ. ಹೊಸ ಲ್ಯಾಪ್‌ಟಾಪ್ ಬಂತು. ಅದೇ ತಪ್ಪು, ಬೇಗ ಬೇಗ ಮಾಡತೊಡಗಿತು. ಹೊಡೆದಾಟ ಮುಗಿಯುವವರೆಗೂ ಹುಡುಕಾಟ ನಿಲ್ಲಿಸಬೇಡ ಅಂತ ಮೂವತ್ತು ಸಾಲು ಕೋಡ್ ಬರೆಸಿದೆ. ಆಮೇಲೆ ಅದರ ಮುಂದೆ ನಾನೇ ಹುಷಾರಾಗಿ ಆಡಬೇಕಾಯಿತು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬದಲಾವಣೆ ಮಾಡಿದ ಮೇಲೆ ಹಳೆಯದರ ಜೊತೆ 10 ಆಟ ಆಡಿಸಿ "6-4, ಗೆದ್ವಿ ಸರ್" ಅಂತ ಬರಬೇಡಿ. ನಾಣ್ಯವನ್ನು 10 ಸಲ ಚಿಮ್ಮಿದರೂ 6 ಅಥವಾ ಜಾಸ್ತಿ ಸಲ ಹೆಡ್ಸ್ ಬೀಳುವ ಸಾಧ್ಯತೆ 100ಕ್ಕೆ 38 ಇದೆ. ಸ್ಟಾಕ್‌ಫಿಶ್‌ನವರು ಒಂದು ಸಣ್ಣ ಬದಲಾವಣೆಗೂ ಸಾವಿರಾರು ಆಟ ಆಡಿಸಿ ನೋಡುತ್ತಾರೆ. ನೀವು ಒಂದು ಸಾವಿರವಾದರೂ ಆಡಿಸಿ, ಒಂದೊಂದು ಆಟಕ್ಕೆ ಕೆಲವೇ ಸೆಕೆಂಡು ಕೊಟ್ಟು. ಬೇರೆ ಬೇರೆ ಆರಂಭಗಳಿಂದ, ಬಣ್ಣ ಅದಲುಬದಲು ಮಾಡಿ. ಇಲ್ಲದಿದ್ದರೆ ಎರಡೂ ಸೇರಿ ಒಂದೇ ಆಟವನ್ನು ಮತ್ತೆ ಮತ್ತೆ ಆಡುತ್ತವೆ. ರಾತ್ರಿ ಹಚ್ಚಿ ಮಲಗಿ. ಹಳೇ ಲ್ಯಾಪ್‌ಟಾಪ್ ಸಾಕು, ಫ್ಯಾನ್ ಸದ್ದು ಜಾಸ್ತಿಯಾದರೆ ಪಕ್ಕದ ರೂಮಲ್ಲಿಡಿ.