ಆನ್ ಆಗದ ಹಳೇ ಕಂಪ್ಯೂಟರ್ ಎಲ್ಲಿ ನಿಂತಿದೆ?

ನಮ್ಮ ಊರಿನ ಮನೆಯ ಕಂಪ್ಯೂಟರ್ 2004ರದ್ದು. ಅಜ್ಜಿ ಹೇಳುತ್ತಿದ್ದ ಹಸೆ ಹಾಡು, ಆರತಿ ಹಾಡುಗಳನ್ನೆಲ್ಲ ಅಮ್ಮ ಅದರಲ್ಲೇ ಟೈಪ್ ಮಾಡಿ ಇಟ್ಟಿದ್ದರು. ಬರೆದುಕೊಂಡಿದ್ದ ನೋಟ್‌ಬುಕ್ಕು ಗೆದ್ದಲು ಹಿಡಿದು ಹೋಯಿತು. ಈ ಸಲ ತಂಗಿಯ ಮದುವೆಗೆ ಹಾಡು ಬೇಕು ಅಂತ ಸ್ವಿಚ್ ಒತ್ತಿದರೆ ಕಂಪ್ಯೂಟರ್ ಏಳಲಿಲ್ಲ.

"ಆನ್ ಆಗ್ತಿಲ್ಲ ಕಣೋ" ಅಂತ ಫೋನ್ ಬಂತು.

"ಆಗ್ತಿಲ್ಲ ಅಂದ್ರೆ ಏನಾಗ್ತದೆ ಅಮ್ಮ? ಲೈಟ್ ಬರ್ತದಾ? ಫ್ಯಾನ್ ತಿರುಗ್ತದಾ? ಬೀಪ್ ಅಂತ ಶಬ್ದ ಕೇಳ್ತದಾ?"

"ಲೈಟ್ ಬರ್ತದೆ, ಫ್ಯಾನೂ ತಿರುಗ್ತದೆ. ಶಬ್ದ ಇಲ್ಲ. ಪರದೆ ಪೂರ್ತಿ ಕಪ್ಪು."

ಈ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿತ್ತು. ಕಂಪ್ಯೂಟರ್ ಒಂದೇ ಏಟಿಗೆ ಆನ್ ಆಗುವುದಿಲ್ಲ. ಒಂದು ಭಾಗ ಎದ್ದು ಮುಂದಿನದನ್ನು ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಕೆಟ್ಟ ಕಂಪ್ಯೂಟರ್ ಅಂದರೆ ಈ ಸಾಲಿನಲ್ಲಿ ಎಲ್ಲೋ ನಿಂತಿರುವ ಕಂಪ್ಯೂಟರ್. ಎಲ್ಲಿ ನಿಂತಿದೆ ಅನ್ನೋದನ್ನ ಕಣ್ಣು, ಕಿವಿಯಿಂದಲೇ ಎಷ್ಟೋ ಮಟ್ಟಿಗೆ ಹೇಳಬಹುದು.

ಸಾಲಿನ ಮೊದಲನೆಯದು ಎಸ್‌ಎಂಪಿಎಸ್ ಡಬ್ಬಿ. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಅದು 12, 5 ಮತ್ತು 3.3 ವೋಲ್ಟ್‌ಗೆ ಇಳಿಸುತ್ತದೆ. ಇಳಿಸಿದ ಕರೆಂಟು ಸ್ಥಿರವಾದ ಮೇಲೆ, ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ 'ಎಲ್ಲ ಸರಿಯಿದೆ' ಅಂತ ಒಂದು ತಂತಿಯಲ್ಲಿ ಸಂಕೇತ ಕಳಿಸುತ್ತದೆ. ಅಲ್ಲಿಯವರೆಗೆ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪು, ಕಾಯುತ್ತಿರಬೇಕು. ಲೈಟು, ಫ್ಯಾನು ಎರಡೂ ಇಲ್ಲದಿದ್ದರೆ ಪ್ಲಗ್ಗು, ವೈರು, ಡಬ್ಬಿಯ ಹಿಂದಿನ ಸ್ವಿಚ್ಚು ನೋಡಿ, ಆಮೇಲೆ ಬೇರೆ ಎಸ್‌ಎಂಪಿಎಸ್ ಹಾಕಿ ನೋಡಬೇಕು. ಆ ಡಬ್ಬಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಒಳಗಿನ, ಕರೆಂಟು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು.

ನಮ್ಮಲ್ಲಿ ಫ್ಯಾನ್ ತಿರುಗುತ್ತಿತ್ತು. ಹಾಗಾಗಿ ಪ್ರಶ್ನೆ ಪ್ರೊಸೆಸರ್‌ ಹತ್ತಿರ ಬಂತು. ಎದ್ದ ಕ್ಷಣದಲ್ಲಿ ಅದಕ್ಕೆ ಏನೂ ಗೊತ್ತಿರುವುದಿಲ್ಲ. ರ‍್ಯಾಮ್ ಅನ್ನೋ ತಾತ್ಕಾಲಿಕ ನೆನಪು ಖಾಲಿ, ಫೈಲ್ ಉಳಿಸಿಡುವ ಹಾರ್ಡ್‌ಡಿಸ್ಕ್ ಅನ್ನೋದು ಒಂದಿದೆ ಅಂತಲೂ ತಿಳಿಯದು. ಗೊತ್ತಿರೋದು ಒಂದೇ: ಇಂಥ ವಿಳಾಸಕ್ಕೆ ಹೋಗಿ ಅಲ್ಲಿ ಬರೆದಿದ್ದನ್ನು ಓದು. ಇಂಟೆಲ್ ಮಾದರಿಯ 32 ಬಿಟ್ ಪ್ರೊಸೆಸರ್‌ನಲ್ಲಿ ಆ ವಿಳಾಸ, ವಿಳಾಸಗಳ ಸಾಲು ಮುಗಿಯುವ 4 ಜಿಬಿ ಗಡಿಗಿಂತ ಬರೀ 16 ಬೈಟ್ ಕೆಳಗಿದೆ. ಅಲ್ಲಿ ಉತ್ತರ ಕೊಡೋದು ಬಯಾಸ್ ಅನ್ನೋ ಪುಟ್ಟ ಚಿಪ್ಪು. ಕರೆಂಟ್ ಹೋದರೂ ಮರೆಯದ ಚಿಪ್ಪು ಅದು. ಅದರಲ್ಲಿ ಬರೆದಿರುವಂತೆ ಪ್ರೊಸೆಸರ್ ಮೊದಲು ರ‍್ಯಾಮ್ ಸರಿಯಿದೆಯಾ ನೋಡುತ್ತದೆ, ಆಮೇಲೆ ಪರದೆಗೆ ಚಿತ್ರ ಕಳಿಸುವ ಭಾಗ, ಆಮೇಲೆ ಕೀಬೋರ್ಡು. ಎಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಒಂದು ಚಿಕ್ಕ ಬೀಪ್.

ಈ ಬೀಪ್ ನನಗೆ ಬಹಳ ಇಷ್ಟವಾದ ಏರ್ಪಾಡು. ಚಿತ್ರ ತೋರಿಸುವ ಮೊದಲೇ ತೊಂದರೆ ಕಂಡರೆ ಕಂಪ್ಯೂಟರ್‌ಗೆ ಹೇಳಲು ಬೇರೆ ಬಾಯಿಲ್ಲ. ಉದ್ದ, ಗಿಡ್ಡ ಬೀಪ್‌ಗಳ ಲೆಕ್ಕದಲ್ಲೇ ದೂರು ಹೇಳುತ್ತದೆ. ಯಾವ ಲೆಕ್ಕಕ್ಕೆ ಯಾವ ಅರ್ಥ ಅನ್ನೋದು ಬಯಾಸ್ ತಯಾರಿಸಿದವರ ಮೇಲೆ ಹೋಗುತ್ತದೆ. ಮದರ್‌ಬೋರ್ಡಿನ ಪುಸ್ತಕದಲ್ಲಿ ಅದರ ಪಟ್ಟಿ ಇರುತ್ತದೆ.

ಶನಿವಾರ ಊರಿಗೆ ಹೋದೆ. ಪ್ಲಗ್ ಕಿತ್ತು, ಉಳಿದ ಕರೆಂಟು ಹೋಗಲಿ ಅಂತ ಪವರ್ ಬಟನ್ ಒಂದಿಷ್ಟು ಹೊತ್ತು ಒತ್ತಿಹಿಡಿದು, ಆಮೇಲೆ ಕ್ಯಾಬಿನೆಟ್ ಬಿಚ್ಚಿದೆ. ಧೂಳು ಹತ್ತಿಯ ಹಾಗೆ ಕೂತಿತ್ತು. ಖಾಲಿ ಸ್ಲಾಟಿನ ಪಕ್ಕ ಕಣಜದ ಮಣ್ಣಿನ ಗೂಡು. ಮೈಮೇಲಿನ ಸ್ಟ್ಯಾಟಿಕ್ ಕರೆಂಟು ಇಳಿಯಲಿ ಅಂತ ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ಪೂರ್ತಿ ಕಿತ್ತೆ. ರ‍್ಯಾಮ್ ಇಲ್ಲದೆಯೇ ಆನ್ ಮಾಡಿದೆ. ಉದ್ದುದ್ದ ಬೀಪ್ ನಿಲ್ಲದೆ ಹೊಡೆದುಕೊಳ್ಳತೊಡಗಿತು. ನನಗೆ ಎಲ್ಲಿಲ್ಲದ ಖುಷಿ! ರ‍್ಯಾಮ್ ಇಲ್ಲ ಅಂತ ಹೇಳಬೇಕಾದರೆ ಪ್ರೊಸೆಸರ್ ಬದುಕಿರಬೇಕು, ಬಯಾಸ್ ಬದುಕಿರಬೇಕು ಅಲ್ವಾ?

ಅಂದರೆ ಅನುಮಾನ ರ‍್ಯಾಮ್ ಮೇಲೆ. ಆ ಕಾಲದ ಡಿಡಿಆರ್ ಪಟ್ಟಿಯ ಅಂಚಿನಲ್ಲಿ 184 ಸಂಪರ್ಕಗಳಿರುತ್ತವೆ. ಮೇಲೆ ಒಂದು ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದ ಒಂದು ಭಾಗ) ತೆಳುವಾದ ಚಿನ್ನದ ಲೇಪ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಷ್ಟು ತೆಳುವಾದ ಲೇಪದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ತೇವ ಅಲ್ಲಿಂದ ಕೆಳಗಿನ ಲೋಹಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲ ಕಂಡ ಪಟ್ಟಿಗೆ ಇದು ಸಹಜ. ಮೇಲೆ ಧೂಳು, ಬೆರಳಿನ ಎಣ್ಣೆಯ ಪದರ ಬೇರೆ. ಪೆನ್ಸಿಲ್ ಅಳಿಸುವ ಮೆತ್ತನೆ ರಬ್ಬರಿನಿಂದ ಹಗುರವಾಗಿ ಒರೆಸಿದೆ. ಇಂಕ್ ಅಳಿಸುವ ಒರಟು ರಬ್ಬರು ಬೇಡ, ಅದು ಚಿನ್ನವನ್ನೇ ಕೆರೆದುಬಿಡುತ್ತದೆ. ಎಷ್ಟೋ ಸಲ ಸುಮ್ನೆ ಕಿತ್ತು ಮತ್ತೆ ಕೂರಿಸಿದರೂ ಸಾಕು, ಸ್ಲಾಟಿನ ಸ್ಪ್ರಿಂಗುಗಳೇ ಉಜ್ಜಿಕೊಳ್ಳುತ್ತವೆ.

ಪಟ್ಟಿ ಟಕ್ ಅಂತ ಕೂತಿತು. ಸ್ವಿಚ್ ಒತ್ತಿದೆ. ಒಂದೇ ಒಂದು ಬೀಪ್. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಬಂತು: ಸೆಟ್ಟಿಂಗ್ ಕಳೆದುಹೋಗಿದೆ, ಮುಂದುವರಿಯಲು ಎಫ್1 ಒತ್ತಿ.

ಇದು ಸೆಲ್ಲಿನ ದೂರು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇರುತ್ತದಲ್ಲ, ಅದರ ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅನ್ನೋದನ್ನೇ ಹೆಸರಲ್ಲಿ ಇಟ್ಟಿದ್ದಾರೆ. ಪ್ಲಗ್ ಕಿತ್ತಿದ್ದಾಗ ಸೆಟ್ಟಿಂಗ್ ಉಳಿಸೋದು, ಗಡಿಯಾರ ಓಡಿಸೋದು ಇದೇ. ಆ ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋಗಿ, ಸರಿಯಾಗಿ 1 ಉಳಿಯುತ್ತದೆ. ಅರ್ಧ ಮಾಡೋದು ಚಿಪ್ಪಿಗೆ ಎಲ್ಲಕ್ಕಿಂತ ಸುಲಭದ ಲೆಕ್ಕ, ಅದಕ್ಕೇ ಆ ಸಂಖ್ಯೆ. ನಮ್ಮ ಸೆಲ್ 3 ವೋಲ್ಟ್ ಕೊಡಬೇಕಾದಲ್ಲಿ 2 ವೋಲ್ಟೂ ಕೊಡುತ್ತಿರಲಿಲ್ಲ. ಪೇಟೆಯಿಂದ ಹೊಸದು ತಂದು ಹಾಕಿ ದಿನಾಂಕ ಸರಿ ಮಾಡಿದೆ.

ವಿಂಡೋಸ್ ಎಕ್ಸ್‌ಪಿ ಚಿತ್ರ ಬಂತು. ಅಮ್ಮನ ಮುಖ ಅರಳಿತು. ಅಷ್ಟರಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಮತ್ತೆ ಬಂತು, ಮತ್ತೆ ಹೋಯಿತು.

ಆಫ್ ಮಾಡಿ ಟಾರ್ಚ್ ಹಾಕಿ ನೋಡಿದೆ. ಪ್ರೊಸೆಸರ್ ಸುತ್ತ ನಿಂತ ಪುಟ್ಟ ಡ್ರಮ್ಮಿನಂಥ ಕೆಪಾಸಿಟರ್‌ಗಳಲ್ಲಿ ಮೂರರ ತಲೆ ಉಬ್ಬಿತ್ತು, ಒಂದರ ಮೇಲೆ ಕಂದು ಬಣ್ಣದ ಅಂಟು ಒಸರಿ ಒಣಗಿತ್ತು. ಮನೆ ಮೇಲಿನ ನೀರಿನ ಟ್ಯಾಂಕು ಮಾಡುವ ಕೆಲಸ ಇವುಗಳದ್ದು: ಪ್ರೊಸೆಸರ್ ಇದ್ದಕ್ಕಿದ್ದಂತೆ ಜಾಸ್ತಿ ಕರೆಂಟು ಕೇಳಿದಾಗ ಕೊಟ್ಟು, ವೋಲ್ಟೇಜು ಕುಸಿಯದಂತೆ ನೋಡಿಕೊಳ್ಳೋದು. ಒಳಗೆ ಅಲ್ಯೂಮಿನಿಯಂ ಹಾಳೆ, ರಾಸಾಯನಿಕದಲ್ಲಿ ನೆಂದ ಕಾಗದ ಇರುತ್ತದೆ. 2000ದ ಆಸುಪಾಸಿನಿಂದ ಕೆಲವು ವರ್ಷ ಮಾರುಕಟ್ಟೆಗೆ ಬಂದ ಎಷ್ಟೋ ಕೆಪಾಸಿಟರ್‌ಗಳಲ್ಲಿ ಆ ದ್ರವವೇ ಕಳಪೆ. ಅಲ್ಯೂಮಿನಿಯಂ ಜೊತೆ ಸೇರಿ ಹೈಡ್ರೋಜನ್ ಅನಿಲ ಬಿಡುತ್ತಿತ್ತು. ಸಿಡಿಯುವ ಬದಲು ಮೆಲ್ಲಗೆ ಬಿರಿಯಲಿ ಅಂತಲೇ ತಲೆಯ ಮೇಲೆ ಗೀರು ಕೊಯ್ದಿರುತ್ತಾರೆ. ಶಾಖವೂ ಇವುಗಳ ಶತ್ರು. 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಅಂತ ಲೆಕ್ಕ.

ಬೆಸುಗೆ ಹಾಕಿ ಬದಲಾಯಿಸಬಹುದು. ಆದರೆ ಬೇಕಾಗಿದ್ದು ಕಂಪ್ಯೂಟರ್ ಅಲ್ಲ, ಹಾಡು. ಮತ್ತೆ ಮತ್ತೆ ರೀಸ್ಟಾರ್ಟ್ ಆಗಲು ಬಿಟ್ಟರೆ ಡಿಸ್ಕಿಗೂ ಅಪಾಯ. 40 ಜಿಬಿಯ ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಕಿವಿಗೊಟ್ಟು ಕೇಳಿದೆ. ಟಕ್ ಟಕ್ ಅಂತ ಬಡಿದುಕೊಂಡಿದ್ದರೆ ತಕ್ಷಣ ನಿಲ್ಲಿಸಿ, ಡೇಟಾ ತೆಗೆಯುವವರ ಹತ್ತಿರ ಒಯ್ಯುತ್ತಿದ್ದೆ. ಅಂಥ ಸದ್ದು ಬರಲಿಲ್ಲ, ನಯವಾಗಿ ತಿರುಗಿತು. ಬೇರೇನೂ ಮಾಡದೆ ಮೊದಲು ಎಲ್ಲವನ್ನೂ ನಕಲು ಮಾಡಿಕೊಂಡೆ.

ಫೈಲ್ ತೆರೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷ್ 'ಎ'ಗಳು, ನಡುನಡುವೆ ಪೌಂಡ್ ಚಿಹ್ನೆ. ಫೈಲ್ ಕೆಟ್ಟಿರಲಿಲ್ಲ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಉಳಿಸುತ್ತದೆ. ಆಗಿನ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕಾರ ತೊಡಿಸುತ್ತಿತ್ತು. ಫಾಂಟ್ ಇಲ್ಲದಿದ್ದರೆ ಪೌಂಡ್ ಚಿಹ್ನೆ ಪೌಂಡ್ ಚಿಹ್ನೆಯೇ, ಇದ್ದರೆ ಅದೇ ತಲೆಕಟ್ಟಿಲ್ಲದ 'ನ'. ಫಾಂಟ್ ಹಾಕಿದೆ, ಪುಟ ಪೂರ್ತಿ ಕನ್ನಡವಾಯಿತು. ಇನ್ನೊಮ್ಮೆ ಹೀಗಾಗದಿರಲಿ ಅಂತ, ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಖ್ಯೆ ಇರುವ ಯೂನಿಕೋಡ್‌ಗೂ ಬದಲಾಯಿಸಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಎರಡನೇ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ನೋಡು, ತಿದ್ದು ಅಂದರು.