ಮಾಡಿಫೈ ಮಾಡಿದ ಬೈಕಿಗೆ ಯಾವ ಫ್ಯೂಯಲ್ ಟ್ಯೂನಿಂಗ್? ಮೊದಲು ಇಸಿಯು ಹೇಗೆ ಯೋಚಿಸುತ್ತದೆ ನೋಡಿ

ಸೈಲೆನ್ಸರ್ ಬದಲಾಯಿಸಿದ ಕೂಡಲೇ ಎಲ್ಲರೂ ಕೇಳುವುದು, "ಯಾವ ಟ್ಯೂನಿಂಗ್ ಬಾಕ್ಸ್ ಹಾಕಿಸಲಿ?" ನಾನೂ ಅಲ್ಲಿಂದಲೇ ಶುರು ಮಾಡಿದ್ದೆ. ಓದುತ್ತಾ ಹೋದ ಹಾಗೆ ಗೊತ್ತಾಯಿತು, ಅದು ಕಡೆಗೆ ಕೇಳಬೇಕಾದ ಪ್ರಶ್ನೆ. ನಿಮ್ಮ ಇಸಿಯು (ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಪೆಟ್ರೋಲ್ ಲೆಕ್ಕ ಹೇಗೆ ಹಾಕುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಬೈಕಿನ ಇಸಿಯು ಸಾಮಾನ್ಯವಾಗಿ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು, ಮ್ಯಾನಿಫೋಲ್ಡ್ ಒತ್ತಡ ಎಷ್ಟು, ಒಳಗೆ ಬರುವ ಗಾಳಿಯ ಬಿಸಿ ಎಷ್ಟು ಅಂತ ನೋಡಿ, ತನ್ನೊಳಗಿನ ಕೋಷ್ಟಕದಿಂದ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ಆರಿಸಿಕೊಳ್ಳುತ್ತದೆ. ಆ ಕೋಷ್ಟಕ ಬರೆದಿದ್ದು ಹಳೇ ಸೈಲೆನ್ಸರ್, ಹಳೇ ಫಿಲ್ಟರ್‌ಗೆ. ಹೊಸ ಪೈಪಿನಿಂದ ಕೆಲವು ಆರ್‌ಪಿಎಂನಲ್ಲಿ ಗಾಳಿ ಜಾಸ್ತಿ ಬಂದರೆ ಅದಕ್ಕೆ ಗೊತ್ತಾಗಲ್ಲ, ಬೈಕ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ.

ಎಕ್ಸಾಸ್ಟ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆಯಲ್ವಾ ಅಂತೀರಾ? ಇದೆ, ಆದರೆ ಮಾಮೂಲಿ ನ್ಯಾರೋಬ್ಯಾಂಡ್ ಸೆನ್ಸರ್ ಹೇಳುವುದು ಒಂದೇ ಮಾತು: ಮಿಶ್ರಣ 14.7:1ಕ್ಕಿಂತ (ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್) ರಿಚ್ ಇದ್ದರೆ, ಅಂದರೆ ಪೆಟ್ರೋಲ್ ಜಾಸ್ತಿ ಇದ್ದರೆ, ಸುಮಾರು 0.9 ವೋಲ್ಟ್, ಲೀನ್ ಇದ್ದರೆ 0.1 ವೋಲ್ಟ್. ಎಷ್ಟು ಲೀನ್ ಅಂತ ಹೇಳಲ್ಲ. ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಈ ಮಾತು ಕೇಳುತ್ತದೆ, ಇದೇ ಕ್ಲೋಸ್ಡ್ ಲೂಪ್. ಪೂರ್ತಿ ಥ್ರಾಟಲ್ ಕೊಟ್ಟಾಗ ಕೇಳುವುದಿಲ್ಲ, ಅಲ್ಲಿ ಕೋಷ್ಟಕವೇ ಗತಿ. ಒಳ್ಳೇ ಪವರ್ ಸಿಗುವುದು 13:1ರ ಆಸುಪಾಸಿನಲ್ಲಿ.

ಇದು ಯಾಕೆ ಮುಖ್ಯ ಅಂತ ನನಗೆ ಅರ್ಥವಾಗಿದ್ದು ಮೀಟರ್ ಮುಂದೆ. ಪಿಗ್ಗಿಬ್ಯಾಕ್ ಅನ್ನುವ ಟ್ಯೂನಿಂಗ್ ಬಾಕ್ಸ್ ಹಾಕಿ 4,000 ಆರ್‌ಪಿಎಂನಲ್ಲಿ 8% ಪೆಟ್ರೋಲ್ ಸೇರಿಸಿದೆ. ವೈಡ್‌ಬ್ಯಾಂಡ್ ಮೀಟರ್ (ಮಿಶ್ರಣ ನಿಖರವಾಗಿ ಎಷ್ಟು ಅಂತ ಹೇಳುವಂಥದ್ದು) 13.6 ತೋರಿಸಿತು. ಥ್ರಾಟಲ್ ಅಲುಗಾಡಿಸದೆ ಹಾಗೇ ಹಿಡಿದುಕೊಂಡೆ, ನೋಡುತ್ತಿದ್ದಂತೆ 13.9, 14.3, ಮತ್ತೆ 14.7. ನಾನು ಸೇರಿಸಿದ್ದನ್ನು ಇಸಿಯು ಅಷ್ಟೇ ಕಳೆಯುತ್ತಿತ್ತು! ಪಿಗ್ಗಿಬ್ಯಾಕ್ ಕೂರುವುದು ಇಸಿಯು ಮತ್ತು ಇಂಜೆಕ್ಟರ್ ನಡುವೆ, ಪಲ್ಸ್ ಉದ್ದ ಮಾಡುತ್ತದೆ ಇಲ್ಲ ಗಿಡ್ಡ ಮಾಡುತ್ತದೆ, ಅಷ್ಟೇ. ಹಾಗಾಗಿ ಕ್ಲೋಸ್ಡ್ ಲೂಪ್ ಇರುವ ಜಾಗದಲ್ಲಿ ತಿದ್ದುಪಡಿಯನ್ನು ಸೊನ್ನೆಯಲ್ಲೇ ಇಟ್ಟು ಉಳಿದ ಕಡೆ ಮಾತ್ರ ತಿದ್ದಬೇಕು, ಇಲ್ಲ ಸೆನ್ಸರ್ ಸಿಗ್ನಲ್‌ಗೂ ಒಂದು ವ್ಯವಸ್ಥೆ ಬೇಕು. ಬೇಡ ಅಂದಾಗ ಬಿಚ್ಚಿದರೆ ಬೈಕ್ ಮೊದಲಿನಂತೆಯೇ, ಅದು ಇದರ ದೊಡ್ಡ ಗುಣ.

ಗಾಳಿಯ ಉಷ್ಣತೆ ಸೆನ್ಸರ್‌ಗೆ ರೆಸಿಸ್ಟರ್ ಸಿಕ್ಕಿಸುವ ಪುಟ್ಟ ಚಿಪ್‌ಗಳನ್ನು ಬಿಟ್ಟುಬಿಡಿ. ಗಾಳಿ ತಣ್ಣಗಿದೆ ಅಂತ ಸುಳ್ಳು ಹೇಳಿ, ಬೇಕಾದ ಕಡೆ ಬೇಡದ ಕಡೆ ಎಲ್ಲಾ ಸುಮ್ನೆ ಪೆಟ್ರೋಲ್ ಸುರಿಸುತ್ತವೆ.

ನಿಮ್ಮ ಇಸಿಯುಗೆ ಫ್ಲ್ಯಾಶ್ ಟೂಲ್ (ಇಸಿಯು ಒಳಗಿನ ಫೈಲನ್ನೇ ಓದಿ ಬರೆಯುವ ಉಪಕರಣ) ಸಿಗುವುದಾದರೆ ನನ್ನ ಮೊದಲ ಆಯ್ಕೆ ಅದೇ. ಕೋಷ್ಟಕವನ್ನೇ ತಿದ್ದುತ್ತೀರಿ, ಮಧ್ಯೆ ಹೊಸ ಕನೆಕ್ಟರ್ ಇಲ್ಲ, ಟೂಲ್ ಬಿಟ್ಟುಕೊಟ್ಟರೆ ಇಗ್ನಿಷನ್, ರೆವ್ ಲಿಮಿಟ್, ಫ್ಯಾನ್ ಶುರುವಾಗುವ ಬಿಸಿ ಎಲ್ಲವನ್ನೂ ಬದಲಾಯಿಸಬಹುದು. ಮೊದಲು ಮೂಲ ಫೈಲ್ ಓದಿ ಉಳಿಸಿಕೊಳ್ಳಿ. ಸ್ಟ್ಯಾಂಡ್‌ಅಲೋನ್ ಇಸಿಯು, ಅಂದರೆ ಹಳೇದರ ಬದಲು ಹಾಕುವ ಪ್ರತ್ಯೇಕ ಇಸಿಯು, ಬೇಕಾಗುವುದು ಟರ್ಬೋದಂಥ ದೊಡ್ಡ ಕೆಲಸಕ್ಕೆ, ಅದರಲ್ಲಿ ಕೋಲ್ಡ್ ಸ್ಟಾರ್ಟನ್ನೂ ನೀವೇ ಕಲಿಸಬೇಕು.

ಒಂದು ಲೆಕ್ಕ ಮಾತ್ರ ಬಿಡಬೇಡಿ. 10,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 6 ಮಿಲಿಸೆಕೆಂಡ್. ಫೋರ್ ಸ್ಟ್ರೋಕ್‌ನ ಒಂದು ಆವರ್ತನಕ್ಕೆ ಎರಡು ಸುತ್ತು, ಅಂದರೆ 12. ಇಂಜೆಕ್ಟರ್ 10.5 ತೆರೆದಿದ್ದರೆ ಆಗಲೇ ಆ ಸಮಯದ 87.5%. ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 85%. ಅದನ್ನು ದಾಟಿದರೆ ಯಾವ ಟ್ಯೂನಿಂಗ್‌ನಿಂದಲೂ ಪೆಟ್ರೋಲ್ ಹುಟ್ಟಲ್ಲ, ದೊಡ್ಡ ಇಂಜೆಕ್ಟರ್ ಬೇಕು. ಪೆಟ್ರೋಲ್ ಒತ್ತಡವನ್ನು 3 ಬಾರ್‌ನಿಂದ 4ಕ್ಕೆ ಏರಿಸಿದರೂ ಸಿಗುವುದು ಸುಮಾರು 15% ಮಾತ್ರ, ಯಾಕೆಂದರೆ ಹರಿವು ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ.

ಇನ್ನು ಇದೆಲ್ಲಕ್ಕೂ ಮುಂಚೆ ಎಕ್ಸಾಸ್ಟ್ ಜಾಯಿಂಟ್ ಮುಟ್ಟಿ ನೋಡಿ, ಇಂಜಿನ್ ತಣ್ಣಗಿರುವಾಗ. ಅಲ್ಲಿ ಸಂದಿ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿ ಮೀಟರ್ ಸುಳ್ಳೇ ಲೀನ್ ತೋರಿಸುತ್ತದೆ. ನಾನು ಎರಡು ದಿನ ಐಡಲ್‌ಗೆ ಪೆಟ್ರೋಲ್ ಸೇರಿಸುತ್ತಾ ಹೋದೆ, ಮೀಟರ್ ಲೀನ್ ಅಂತಲೇ ಅನ್ನುತ್ತಿತ್ತು, ಪ್ಲಗ್ ಬಿಚ್ಚಿದರೆ ಮಸಿಯಂತೆ ಕಪ್ಪು. ಹೆಡ್ ಹತ್ತಿರದ ಗ್ಯಾಸ್ಕೆಟ್ ಒಂದು ಅಂಚಿನಲ್ಲಿ ಸುಟ್ಟುಹೋಗಿತ್ತು.