‘ನಾನು ಯಾರು’ ಅಂತ ಕೇಳಿಕೊಂಡರೆ ಉತ್ತರವೇ ಬರುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿ ಬೆಳಗ್ಗೆ ಯೋಗ ತರಗತಿಗೆ ಹೋಗುತ್ತೇನೆ. ಆಸನ, ಪ್ರಾಣಾಯಾಮ ಮುಗಿದ ಮೇಲೆ ಒಂದರ್ಧ ಗಂಟೆ ಮನಸ್ಸು ಹಗುರವಾಗಿರುತ್ತದೆ. ಆಫೀಸ್ ತಲುಪುವಷ್ಟರಲ್ಲಿ ಮತ್ತೆ ಅದೇ ಕಿರಿಕಿರಿ. ನಮ್ಮ ಮೇಡಂ ‘ಆತ್ಮವಿಚಾರ ಮಾಡಿ, ನಾನು ಯಾರು ಅಂತ ಕೇಳಿಕೊಳ್ಳಿ’ ಎನ್ನುತ್ತಾರೆ. ಕೇಳಿಕೊಂಡು ಕೂತರೆ ಉತ್ತರ ಬರುವುದಿಲ್ಲ, ನಿದ್ದೆ ಬರುತ್ತದೆ. ಇಲ್ಲವೇ ಹಳೆಯದೆಲ್ಲ ನೆನಪಾಗಿ ತಲೆ ಇನ್ನೂ ಕೆಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ? ಇದಕ್ಕೆ ಗುರು ಬೇಕೇ ಬೇಕಾ?

ಉತ್ತರ: ಉತ್ತರ ಬರದೇ ಇರುವುದು ತಪ್ಪಲ್ಲ. ಬೇಗ ಬಂದುಬಿಟ್ಟರೇ ಅನುಮಾನಪಡಬೇಕು. ‘ನಾನು ಶುದ್ಧ ಚೈತನ್ಯ’ ಅಂತ ತಟ್ಟನೆ ಹೊಳೆದರೆ ಅದು ಯಾವುದೋ ಪ್ರವಚನದಲ್ಲಿ ಕೇಳಿ ಬಾಯಿಪಾಠ ಆಗಿರುವ ಮಾತು, ಅಷ್ಟೇ.

ಈ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿದವರು ತಿರುವಣ್ಣಾಮಲೈನ ರಮಣ ಮಹರ್ಷಿಗಳು. 1896ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಮಧುರೈನ ಚಿಕ್ಕಪ್ಪನ ಮನೆಯಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಮೈಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಹುಡುಗ ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ಮಲಗಿದ. ಈ ದೇಹ ಸತ್ತರೆ ‘ನಾನು’ ಅನ್ನುವುದೂ ಸಾಯುತ್ತದಾ ಎಂದು ಒಳಗೇ ನೋಡಿದ. ಅದೇ ವರ್ಷ ಸೆಪ್ಟೆಂಬರ್ 1ರಂದು ತಿರುವಣ್ಣಾಮಲೈ ಸೇರಿದ. ಕೆಲವು ವರ್ಷಗಳ ನಂತರ, 1901–02ರ ಸುಮಾರಿಗೆ, ಶಿವಪ್ರಕಾಶಂ ಪಿಳ್ಳೈ ಎಂಬ ಸರ್ಕಾರಿ ನೌಕರರು ಅವರ ಬಳಿ ಬಂದು ಒಂದೊಂದಾಗಿ ಪ್ರಶ್ನೆ ಕೇಳಿದರು. ರಮಣರು ಆಗ ಮಾತನಾಡುತ್ತಿರಲಿಲ್ಲ. ಉತ್ತರಗಳನ್ನು ಬರೆದು ತೋರಿಸಿದರು. 1923ರಲ್ಲಿ ಅದು ‘ನಾನ್ ಯಾರ್’ ಎಂಬ ಪುಟ್ಟ ತಮಿಳು ಪುಸ್ತಕವಾಯಿತು.

ಆ ಪುಸ್ತಕದ ಶುರುವಿನಲ್ಲೇ ಒಂದು ಪಟ್ಟಿ ಇದೆ. ದೇಹ ನಾನಲ್ಲ, ಇಂದ್ರಿಯ ನಾನಲ್ಲ, ಪ್ರಾಣ ನಾನಲ್ಲ, ಮನಸ್ಸು ನಾನಲ್ಲ ಅಂತ. ತುಂಬ ಜನ ಇದನ್ನೇ ಆತ್ಮವಿಚಾರ ಅಂದುಕೊಂಡು, ಒಂದೊಂದನ್ನೇ ಅಳಿಸುತ್ತಾ ಕೂರುತ್ತಾರೆ. ಆದರೆ ಆ ಪಟ್ಟಿ ಪಿಳ್ಳೈ ಅವರೇ ಸೇರಿಸಿದ್ದು. ಅಚ್ಚಿಗೆ ಹೋಗುವ ಮುನ್ನ ಕರಡು ನೋಡಿದ ರಮಣರು, ಇದನ್ನು ನಾನು ಹೇಳಿರಲಿಲ್ಲವಲ್ಲ ಎಂದರಂತೆ. ಅದು ಹಾಗೇ ಉಳಿದುಕೊಂಡಿತು. ಹಾಗಾಗಿ ಪಟ್ಟಿ ಒಪ್ಪಿಸುವುದನ್ನು ಬಿಟ್ಟರೂ ನಿಮಗೆ ನಷ್ಟವಿಲ್ಲ.

ಅವರು ಹೇಳಿದ್ದು ಇನ್ನೂ ಸರಳ. ಒಂದು ಯೋಚನೆ ಬಂತಾ? ಅದರ ಹಿಂದೆ ಹೋಗಬೇಡಿ. ‘ಇದು ಬಂದದ್ದು ಯಾರಿಗೆ?’ ಎಂದು ನೋಡಿ. ‘ನನಗೆ’ ಅನ್ನಿಸುತ್ತದೆ. ಆ ‘ನಾನು’ ಯಾರು ಎಂದು ಗಮನವನ್ನು ಅಲ್ಲಿಗೇ ತಿರುಗಿಸಿ. ಮುಗಿಯಿತು. ಮುಂದೆ ವಾಕ್ಯ ಕಟ್ಟುವ ಕೆಲಸವಿಲ್ಲ. ಹೆಣ ಸುಡುವಾಗ ಚಿತೆ ಕೆದಕುವ ಕೋಲು ಕೊನೆಗೆ ತಾನೂ ಸುಟ್ಟುಹೋಗುವ ಹಾಗೆ, ಈ ಪ್ರಶ್ನೆಯೂ ಉಳಿದ ಯೋಚನೆಗಳ ಜೊತೆ ಹೋಗಬೇಕು ಎಂದು ರಮಣರೇ ಹೇಳಿದ್ದಾರೆ. ಪ್ರಶ್ನೆಯೇ ಉಳಿಯದಿದ್ದ ಮೇಲೆ ಉತ್ತರಕ್ಕೆ ಎಲ್ಲಿ ಕಾಯುತ್ತೀರಿ?

ನಿಮ್ಮ ತಲೆ ಕೆಡುವ ಕಾರಣವೂ ಇಲ್ಲೇ ಇದೆ. ಪ್ರಶ್ನೆ ನಿಮಗೆ ಗೊತ್ತಾಗದೇ ಬದಲಾಗಿಬಿಟ್ಟಿರುತ್ತದೆ. ‘ನಾನು ಯಾರು’ ಅಂತ ಶುರುಮಾಡಿ ಎರಡೇ ನಿಮಿಷಕ್ಕೆ ‘ನನಗೇ ಯಾಕೆ ಹೀಗೆ’, ‘ಅವರು ಯಾಕೆ ಹಾಗಂದರು’ ಅನ್ನುವಲ್ಲಿ ಇರುತ್ತೀರಿ. ‘ಯಾಕೆ’ ಅಂತ ಕೇಳಿದರೆ ಮನಸ್ಸು ಕಥೆ ಹೇಳುತ್ತದೆ, ಒಂದು ಕಥೆ ಇನ್ನೊಂದನ್ನು ಎಳೆದು ತರುತ್ತದೆ. ಅದು ಕೊರಗು, ವಿಚಾರ ಅಲ್ಲ. ‘ಯಾರಿಗೆ’ ಅಂತ ಕೇಳಿದರೆ ಕಥೆ ಅಲ್ಲಿಗೇ ತುಂಡಾಗುತ್ತದೆ. ಮತ್ತೆ ಶುರುವಾಗುತ್ತದೆ, ನಿಜ. ಮತ್ತೆ ಕೇಳಬೇಕು.

ಅಪಾರ್ಟ್‌ಮೆಂಟ್‌ನ ಮೀಟಿಂಗ್ ಅಂದುಕೊಳ್ಳಿ. ಪಾರ್ಕಿಂಗ್ ವಿಷಯಕ್ಕೆ ಪಕ್ಕದ ಫ್ಲ್ಯಾಟಿನವರು ಎಲ್ಲರ ಎದುರು ಜೋರು ಮಾಡಿದರು. ರಾತ್ರಿ ಹನ್ನೊಂದಾದರೂ ಒಳಗೆ ಕುದಿಯುತ್ತಿದೆ. ‘ನನಗೆ ಅವಮಾನ ಆಯಿತು’. ಸರಿ, ಯಾವ ನಿಮಗೆ? ಮನೆ ಸಾಲ ಕಟ್ಟುತ್ತಿರುವ ಮಾಲೀಕರಿಗಾ? ಹೆಂಡತಿ ಮಕ್ಕಳ ಎದುರು ಚಿಕ್ಕವರಾದ ಯಜಮಾನರಿಗಾ? ಆಫೀಸಿನಲ್ಲಿ ಹತ್ತು ಜನ ಮಾತು ಕೇಳುವ ಮ್ಯಾನೇಜರಿಗಾ? ಇವೆಲ್ಲ ವೇಷಗಳು ಒಂದೊಂದಾಗಿ ಕಾಣುತ್ತವೆ. ಕುದಿಯುತ್ತಿರುವುದು ಕಾಣುತ್ತಿದೆ ಅಂದರೆ ನೋಡುವವನು ಬೇರೆ ಇದ್ದಾನೆ ಅಂತಾಯಿತಲ್ವಾ? ಆ ಕಡೆ ಒಂದು ಕ್ಷಣ ನಿಲ್ಲಿ. ಒಂದು ಕ್ಷಣಕ್ಕಿಂತ ಜಾಸ್ತಿ ಮೊದಮೊದಲು ಆಗುವುದೂ ಇಲ್ಲ. ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂಬ ಪ್ರಶ್ನೆಗೆ ಕನಕದಾಸರು ‘ನಾನು ಹೋದರೆ ಹೋದೇನು’ ಎಂದ ಕಥೆ ಗೊತ್ತಲ್ಲ, ಹೋಗಬೇಕಾದ ಆ ‘ನಾನು’ ಈ ವೇಷಗಳ ಅಹಂಕಾರವೇ. ಮೀಟಿಂಗ್‌ನಲ್ಲಿ ಏಟು ತಿಂದದ್ದೂ ಇದೇ.

ಹಾಗಂತ ಎಲ್ಲದಕ್ಕೂ ಇದೇ ಮದ್ದಲ್ಲ. ಮನೆ ಖಾಲಿ ಮಾಡಿದ ಮೇಲೂ ಓನರ್ ಹತ್ತು ತಿಂಗಳ ಅಡ್ವಾನ್ಸ್ ವಾಪಸ್ ಕೊಡದಿದ್ದರೆ ‘ನಾನು ಯಾರು’ ಎಂದು ಕಣ್ಣು ಮುಚ್ಚಿ ಕೂರಬೇಡಿ. ಹೋಗಿ ದುಡ್ಡು ಕೇಳಿ. ದುಡ್ಡು ಕೇಳಿ ಬಂದ ಮೇಲೂ ನಡುರಾತ್ರಿ ಎದ್ದು ಕೂರಿಸುವ ಉರಿ ಇರುತ್ತದಲ್ಲ, ವಿಚಾರ ಅದಕ್ಕೆ.

ಇನ್ನು ಯೋಗಕ್ಕೂ ಇದಕ್ಕೂ ಏನು ಸಂಬಂಧ? ಪತಂಜಲಿಯ ಯೋಗಸೂತ್ರದಲ್ಲಿ ಇನ್ನೂರಕ್ಕೆ ನಾಲ್ಕೈದು ಕಡಿಮೆ ಸೂತ್ರಗಳಿವೆ. ಅದರಲ್ಲಿ ಆಸನಕ್ಕೆಂದೇ ಇರುವುದು ಮೂರು. ದುಃಖದ ಬೇರುಗಳೆಂದು ಅಲ್ಲಿ ಐದನ್ನು ಹೇಳಿದೆ. ಎರಡನೆಯದು ಅಸ್ಮಿತೆ, ಅಂದರೆ ನೋಡುವವನನ್ನೂ ನೋಡುವ ಸಲಕರಣೆಯಾದ ಮನಸ್ಸನ್ನೂ ಒಂದೇ ಅಂದುಕೊಳ್ಳುವುದು. ‘ಯಾರಿಗೆ’ ಎಂಬ ಪ್ರಶ್ನೆ ತಟ್ಟುವುದು ನೇರವಾಗಿ ಈ ಬೇರನ್ನೇ. ರಮಣರ ದಾರಿ ವೇದಾಂತದ್ದು, ಪತಂಜಲಿಯದು ಬೇರೆ ದರ್ಶನ, ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಅಭ್ಯಾಸ ಮಾಡುವವರಿಗೆ ಮಾತ್ರ ಎರಡೂ ಇಲ್ಲಿ ಸೇರುತ್ತವೆ.

ನಿಮ್ಮ ಅರ್ಧ ಗಂಟೆಯ ಲೆಕ್ಕಕ್ಕೂ ಉತ್ತರ ರಮಣರಲ್ಲೇ ಇದೆ. ಉಸಿರು ಹಿಡಿತದಲ್ಲಿರುವಷ್ಟು ಹೊತ್ತು ಮನಸ್ಸು ಸುಮ್ಮನಿರುತ್ತದೆ, ಬಿಟ್ಟ ಮೇಲೆ ಮತ್ತೆ ಅಲೆಯಲು ಹೋಗುತ್ತದೆ ಎಂದರು ಅವರು. ಪ್ರಾಣಾಯಾಮ ಬೇಡ ಎಂದಲ್ಲ, ಅದು ಸಹಾಯ. ಆ ಹಗುರವಾದ ಹೊತ್ತನ್ನು ನೀವು ಸುಮ್ನೆ ಕಳೆಯುತ್ತಿದ್ದೀರಿ. ಶವಾಸನ ಆದ ತಕ್ಷಣ ಮ್ಯಾಟ್ ಸುತ್ತಿ ಸ್ಕೂಟರ್ ಹತ್ತಬೇಡಿ. ಎದ್ದು ಕೂತು ಐದು ನಿಮಿಷ ವಿಚಾರ ಮಾಡಿ. ಮಲಗಿಕೊಂಡೇ ಮಾಡಿದರೆ ನಿದ್ದೆ ಖಂಡಿತ. ಕೂತರೂ ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದಿಡಿ. ಪ್ರಶ್ನೆಯನ್ನು ಜಪದ ಹಾಗೆ ಹೇಳುತ್ತಾ ಹೋಗಬೇಡಿ, ಒಮ್ಮೆ ಕೇಳಿ ನೋಡಿ.

ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು. ವಾರಗಟ್ಟಲೆ ನಿದ್ದೆ, ಊಟ ತಪ್ಪಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ, ಇಲ್ಲವೇ ಹೀಗೆ ಕೂತಾಗ ‘ನಾನೇ ಇಲ್ಲ’ ಎಂಬ ಭಯ ಹಿಡಿಯುತ್ತಿದ್ದರೆ ಇದನ್ನು ನಿಲ್ಲಿಸಿ, ಡಾಕ್ಟರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೆ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಜೊತೆಗೇ ಯೋಗ ಕಲಿಸುವ ವಿಭಾಗವೂ ಇದೆ.

ಗುರು ಬೇಕಾ? ರಮಣರಿಗೇ ಮನುಷ್ಯ ರೂಪದ ಗುರು ಇರಲಿಲ್ಲ, ತಿರುವಣ್ಣಾಮಲೈನ ಬೆಟ್ಟ ಅರುಣಾಚಲವೇ ಗುರು ಎಂದರು. ಆದರೆ ಎಲ್ಲರೂ ರಮಣರಲ್ಲವಲ್ಲ. ತಿಳಿದವರೊಬ್ಬರು ಇದ್ದರೆ ಒಳ್ಳೆಯದು, ಸಿಗುವ ತನಕ ಕಾಯಬೇಕಿಲ್ಲ. ಶನಿವಾರ ಭಾನುವಾರ ಕಾರು ತುಂಬಿಕೊಂಡು ಸುಮಾರು ಇನ್ನೂರು ಕಿಲೋಮೀಟರ್ ದೂರದ ತಿರುವಣ್ಣಾಮಲೈಗೆ ಹೋಗುವವರು ಈ ಊರಿನಲ್ಲಿ ಬೇಕಾದಷ್ಟು ಜನ. ಹೋಗಿ ಬನ್ನಿ, ಬೆಟ್ಟ ಚೆನ್ನಾಗಿದೆ. ಊರು ಬಿಡಲು ಆಗದಿದ್ದರೆ ಮೇಖ್ರಿ ಸರ್ಕಲ್ ಹತ್ತಿರ ರಮಣರ ಮಂದಿರವಿದೆ. ಶಾಂಕರ ವೇದಾಂತವನ್ನು ಕನ್ನಡದಲ್ಲೇ ಓದಬೇಕು ಅನ್ನುವವರಿಗೆ ತ್ಯಾಗರಾಜನಗರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ, ನಿಮಗೆ ಅದು ಹತ್ತಿರ ಕೂಡ. ನಿಮ್ಮ ಮೇಡಂ ಸ್ವತಃ ಅಭ್ಯಾಸ ಮಾಡುವವರಾದರೆ ಅವರನ್ನೇ ಬಿಡದೆ ಕೇಳಿ. ‘ನಾನು ಯಾರು ಅಂತ ಕೇಳಿಕೊಳ್ಳಿ’ ಅಂದವರಿಗೆ ‘ಕೇಳಿಕೊಂಡೆ ಮೇಡಂ, ಆಮೇಲೆ?’ ಎಂದು ಕೇಳುವ ಹಕ್ಕು ನಿಮಗಿದೆ.